ಕೈಯಚ್ಚೂ ಕೈಕೂಲಿಯೂ

ಬೆಲೆಯನ್ನು ಕುರಿತು ವಾದ ಮಾಡುವುದರಲ್ಲಿ ನಮ್ಮ ತೆಂಗಿನ ಸೀಮೆಯವರು ಯಾರಿಗೂ ಕಡಮೆಯಾದವರಲ್ಲ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಧಾರಣೆ ಕ್ವಿಂಟಾಲಿಗೆ ನೂರು ರೂಪಾಯಿ ಇಳಿದರೂ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳವರೆಗೆ ಅದೇ ಮಾತಾಗುವುದು; ಆಗಬೇಕಾದುದೇ. ಕಾಯನ್ನು ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳು ಕಾದು, ಒಳಗಿನ ನೀರೆಲ್ಲ ಇಂಗಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಗುಡುಗುಡು ಸದ್ದು ಮಾಡುವ ತನಕ ತಾಳಿದವನು, ತನ್ನ ಆ ತಾಳ್ಮೆಗೂ ಬೆಲೆ ಕೇಳುವುದು ನ್ಯಾಯವಾಗಿದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಿತು. ಅದು ಸಾಲದೆನ್ನುವ ರೈತನು ಗೊಬ್ಬರಕ್ಕೆಷ್ಟು, ಕಾಯಿ ಕೀಳುವವನಿಗೆಷ್ಟು, ಸುಲಿಯುವವನಿಗೆಷ್ಟು ಎಂಬುದನ್ನು ಬಿಡಿಬಿಡಿಯಾಗಿ ಹೇಳಬಲ್ಲನು.

ಹೀಗೆ ಲೆಕ್ಕ ಬಲ್ಲವರೇ ಮಗಳ ಲಗ್ನಪತ್ರಿಕೆಯನ್ನು ಅಚ್ಚು ಹಾಕಿಸಲು ಹೊರಟಾಗ ಲೆಕ್ಕವನ್ನೆಲ್ಲ ಮರೆತುಬಿಡುವರು. ಅಲ್ಲಿ ಅವರ ಕಣ್ಣಿಗೆ ಬೀಳುವುದು ಕಾಗದ ಮತ್ತು ಮಸಿ ಎರಡೇ. ಈ ಎರಡರ ನಡುವೆ ಕೈಯೊಂದು ಇದೆಯೆಂಬುದು ಅವರಿಗೆ ತೋರುವುದಿಲ್ಲ. ಅದೂ ಒಂದು ಕೈಯಲ್ಲ, ಎರಡು ಜೊತೆ ಕೈಗಳು. ಕರ್ನಾಟಕದ ಸಣ್ಣ ಪಟ್ಟಣಗಳಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಎಂಬ ಕೈಮುದ್ರಣದ ಕಸುಬನ್ನು ಮನೆಯ ಮುಂಗೋಣೆಯಲ್ಲಿಯೋ ಪೇಟೆಯ ಕಿರುಮಳಿಗೆಯಲ್ಲಿಯೋ ಗಂಡಹೆಂಡಿರು ಕೂಡಿ ನಡೆಸುವುದುಂಟು. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಅಂಗಡಿಯ ಬಟ್ಟೆ ಚೀಲ, ಶಾಲೆಯ ಮಕ್ಕಳ ಅಂಗಿಯ ಮೇಲಣ ಲಾಂಛನ, ಇವೇ ಅವರ ಜೀವನಾಧಾರ. ಇಂತಹವರನ್ನು ಕುರಿತು ತಿಳಿದವರೆನಿಸಿಕೊಂಡವರೂ ಆಡುವ ಮಾತುಗಳನ್ನು ಕೇಳಿದರೆ ಸುಮ್ಮನಿರುವುದು ಕಷ್ಟವಾಗುತ್ತದೆ.

ಅವರ ಮೊದಲನೆಯ ಮಾತು, ಇದು ಕೈಗೆಲಸವೇ ಅಲ್ಲವೆಂಬುದು. ‘ಒಮ್ಮೆ ಚೌಕಟ್ಟು ಸಿದ್ಧವಾದರೆ ಮುಗಿಯಿತು, ಅಚ್ಚಿನ ಮೇಲೆ ಅಚ್ಚು ತಾನೇ ಬೀಳುವುದು, ಇದರಲ್ಲಿ ಕುಶಲತೆಯೇನು ಬಂತು?’ ಎನ್ನುವರು. ಹೀಗೆ ಹೇಳುವವರು ಆ ಚೌಕಟ್ಟನ್ನು ಒಂದು ಸಲವೂ ಮುಟ್ಟಿ ನೋಡಿದವರಲ್ಲ. ಚಿತ್ರವನ್ನು ಬಣ್ಣಕ್ಕೊಂದರಂತೆ ಪಾರದರ್ಶಕವಾದ ಹಾಳೆಗಳ ಮೇಲೆ ಕಪ್ಪಿನಲ್ಲಿ ಮೂಡಿಸಿಕೊಳ್ಳಬೇಕು. ಚೌಕಟ್ಟಿಗೆ ಬಿಗಿದ ಸೂಕ್ಷ್ಮವಾದ ಜಾಲರಿ ಬಟ್ಟೆಗೆ, ಬೆಳಕು ತಾಗಿದರೆ ಗಟ್ಟಿಯಾಗುವ ಲೇಪವನ್ನು ಮಬ್ಬುಗತ್ತಲೆಯಲ್ಲಿ ಸಮನಾಗಿ ಬಳಿದು ಒಣಗಿಸಬೇಕು. ಬಳಿಕ ಆ ಹಾಳೆಯನ್ನು ಅದಕ್ಕೆ ಒತ್ತಿ ಬೆಳಕು ತೋರಿಸಿದರೆ, ಕಪ್ಪಿನ ಮರೆಯಲ್ಲಿದ್ದ ಲೇಪವು ಮೆತ್ತಗೆ ಉಳಿದು ನೀರಿಗೆ ತೊಳೆದುಹೋಗುವುದು. ಅಲ್ಲಿ ತೆರೆದ ಸಂದುಗಳಲ್ಲಿ ಮಾತ್ರ ಮಸಿ ಇಳಿಯುವುದು. ಬೆಳಕು ಕೊಂಚ ಹೆಚ್ಚಾದರೆ ನಮ್ಮ ಕನ್ನಡದ ಒತ್ತಕ್ಷರಗಳ ಸಣ್ಣ ಕೊಂಡಿಗಳು ಮುಚ್ಚಿಹೋಗುವುವು. ಕಡಮೆಯಾದರೆ ಅಕ್ಷರದ ಅಂಚೇ ಕಿತ್ತುಬರುವುದು. ಇಂಗ್ಲಿಷಿನವರಿಗೆ ಈ ಕಷ್ಟ ಅರ್ಧದಷ್ಟೂ ಇಲ್ಲ.

ಇಷ್ಟಾದ ಮೇಲೆ ಎಳೆತ. ಸ್ಕ್ವೀಜಿಯೆಂಬ ರಬ್ಬರಿನ ಪಟ್ಟಿಯಿಂದ ಮಸಿಯನ್ನು ಒಂದೇ ಒತ್ತಡದಲ್ಲಿ, ಒಂದೇ ಓರೆಯಲ್ಲಿ ಎಳೆಯಬೇಕು. ಕೈ ಅಳುಕಿದರೆ ಗಣಪತಿಯ ಸೊಂಡಿಲು ಮಸುಕಾಗುವುದು, ತಡವಾದರೆ ಜಾಲರಿಯಲ್ಲಿಯೇ ಮಸಿ ಒಣಗುವುದು. ಐನೂರು ಪತ್ರಿಕೆ, ಎರಡು ಬಣ್ಣ, ಲಕೋಟೆಗೆ ಒಂದು ಬಣ್ಣ ಎಂದಿಟ್ಟುಕೊಳ್ಳಿರಿ. ಒಟ್ಟು 1,500 ಎಳೆತವಾಯಿತು. ಪ್ರತಿಯೊಂದು ಎಳೆತಕ್ಕೂ ಹಾಳೆಯೊಂದನ್ನು ಗುರುತಿಗೆ ಸರಿಯಾಗಿ ಇಡಬೇಕು, ತೆಗೆಯಬೇಕು, ಒಣಹಾಕಬೇಕು. ಎರಡನೆಯ ಬಣ್ಣವು ಮೊದಲಿನದರಿಂದ ಕೂದಲೆಳೆಯಷ್ಟು ಸರಿದರೂ ಮದುಮಗಳ ಹೆಸರಿಗೆ ನೆರಳು ಬಂದಂತೆ ಕಾಣುವುದು. ಮರದ ಅಚ್ಚಿನಿಂದ ಬಟ್ಟೆಗೆ ಹೂವೊತ್ತುವವನನ್ನು ಕುಶಲಕರ್ಮಿಯೆಂದು ಕೈಮುಗಿಯುವವರು, ಜಾಲರಿಯ ಅಚ್ಚಿನಿಂದ ಒತ್ತುವವನನ್ನು ಯಂತ್ರದ ತಮ್ಮನೆಂದು ಏಕೆ ಭಾವಿಸಬೇಕೋ ತಿಳಿಯದು. ಜಪಾನಿನವರು ಕಾಗದದ ಕೊರೆಯಚ್ಚುಗಳಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದುದು ಬಹುಕಾಲದ ವಿದ್ಯೆ. ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಎಂಬಾತನು 1907ರಲ್ಲಿ ರೇಷ್ಮೆಯ ಜಾಲರಿಯ ಮುದ್ರಣಕ್ಕೆ ಪೇಟೆಂಟು ಪಡೆದನು. ವಿದ್ಯೆಯು ಹೊಸದಾಗಿರಬಹುದು, ಕೈಯಂತೂ ಹಳೆಯದೇ. 2018ರ ಜುಲೈ ತಿಂಗಳಿನ ಸರಕು ಮತ್ತು ಸೇವಾ ತೆರಿಗೆಯ ಅಧಿಸೂಚನೆ ಕೂಡ, ಉಪಕರಣವನ್ನೋ ಯಂತ್ರವನ್ನೋ ಸ್ವಲ್ಪ ಬಳಸಿದ ಮಾತ್ರಕ್ಕೆ ವಸ್ತುವು ಕರಕುಶಲವಲ್ಲದಂತಾಗದು, ಅದು ಮುಖ್ಯವಾಗಿ ಕೈಯಿಂದ ಆಗಿರಬೇಕು ಎಂದೇ ಹೇಳುತ್ತದೆ. ತೆರಿಗೆಯವರಿಗಿರುವಷ್ಟು ಔದಾರ್ಯವೂ ನಮ್ಮ ರಸಿಕರಿಗೆ ಇಲ್ಲದೆಹೋಯಿತೆ?

ಇನ್ನೂ ಸಂದೇಹವುಳ್ಳವರು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ನೋಡಬಹುದು. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಅಲ್ಲಿ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಪಡೆದ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತ ಬಂದಿದೆ. ಕೆಲಸಗಾರರಲ್ಲಿ ಬಹುಪಾಲು ಹೆಂಗಸರು. ಬಿಳಿಯ ಪಟ್ಟಿಯ ಮೇಲೆ ಇಪ್ಪತ್ತನಾಲ್ಕು ಅರೆಗಳ ನೀಲಿ ಚಕ್ರವನ್ನು ಅವರು ಅಚ್ಚೊತ್ತುವುದು ಸ್ಕ್ರೀನಿನಿಂದಲೇ. ಬಟ್ಟೆಯ ಎರಡು ಮಗ್ಗುಲಿಗೂ ಒತ್ತಬೇಕು, ಒಂದು ಮಗ್ಗುಲಿನ ಅರೆಯು ಇನ್ನೊಂದರ ಮೇಲೆ ಕಿಂಚಿತ್ತೂ ತಪ್ಪದೆ ಕೂಡಬೇಕು. ಒಂಬತ್ತು ಅಳತೆಗಳ ಧ್ವಜಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ 6,300 ಮಿಲಿಮೀಟರ್ ಉದ್ದದ ಧ್ವಜದಲ್ಲಿ ಚಕ್ರದ ಅಡ್ಡಳತೆಯೇ 1,295 ಮಿಲಿಮೀಟರ್. 2002ರ ಧ್ವಜಸಂಹಿತೆಯು ಚಕ್ರವನ್ನು ಹೇಗೆ ಮೂಡಿಸಬೇಕೆಂಬಲ್ಲಿ ಸ್ಕ್ರೀನ್ ಮುದ್ರಣಕ್ಕೇ ಮೊದಲ ಸ್ಥಾನವನ್ನು ಕೊಟ್ಟಿದೆ. ರಾಷ್ಟ್ರದ ಚಕ್ರಕ್ಕೆ ಯೋಗ್ಯವಾದ ಕೈ ತಿಪಟೂರಿನ ಲಗ್ನಪತ್ರಿಕೆಗೆ ಕೀಳಾಯಿತೆಂದರೆ ಅದು ವಿಚಿತ್ರವಾದ ತರ್ಕವೇ ಸರಿ.

ಎರಡನೆಯ ಮಾತು ಇದಕ್ಕಿಂತ ಕೆಟ್ಟದ್ದು. ‘ಮನೆಯವರೇ ಮಾಡಿಕೊಳ್ಳುವ ಕೆಲಸ, ಆಳಿಲ್ಲ, ಕೂಲಿಯಿಲ್ಲ, ಬೆಲೆ ಇಳಿಸುವುದಕ್ಕೆ ಅಡ್ಡಿಯೇನು?’ ಎಂದು ಅಂಗಡಿಯ ಹೊಸ್ತಿಲಲ್ಲಿ ನಿಂತು ಕೇಳುವವರನ್ನು ನಾನು ಅನೇಕ ಸಲ ಕಂಡಿದ್ದೇನೆ. ಆಳಿಲ್ಲವೆಂಬುದು ನಿಜ. ಕೂಲಿಯಿಲ್ಲವೆಂಬುದು ಹೇಗೆ ನಿಜವಾದೀತು? ಒಬ್ಬರು ಎಳೆಯುತ್ತಿದ್ದರೆ ಇನ್ನೊಬ್ಬರು ಹಾಳೆ ತೆಗೆಯಲೇಬೇಕು, ಇಲ್ಲವಾದರೆ ಕೆಲಸವೇ ಸಾಗದು. ಆ ಇನ್ನೊಬ್ಬರು ಸಾಮಾನ್ಯವಾಗಿ ಹೆಂಡತಿ. ಲೇಪ ಬಳಿಯುವವಳು, ಜಾಲರಿ ತೊಳೆಯುವವಳು, ಮಸಿ ಕಲಸುವವಳು ಅವಳು. ಸೋದರಮಾವನ ಹೆಸರು ಯಾವ ಸಾಲಿನಲ್ಲಿ ಬಿಟ್ಟುಹೋಗಿದೆ, ಮುಹೂರ್ತದ ದಿನಕ್ಕೂ ವಾರಕ್ಕೂ ಹೊಂದಿಕೆಯಿದೆಯೇ ಎಂಬುದನ್ನು ಗಿರಾಕಿಗಿಂತ ಮೊದಲು ಕಂಡುಹಿಡಿಯುವವಳೂ ಅವಳೇ; ಈ ಒಂದು ಕೆಲಸದಿಂದ ಎಷ್ಟು ಬೀಗರ ಜಗಳಗಳು ತಪ್ಪಿವೆಯೋ ಲೆಕ್ಕವಿಟ್ಟವರಿಲ್ಲ. ಎಷ್ಟೋ ಮನೆಗಳಲ್ಲಿ ಚಿತ್ರ ಬರೆಯುವ ಕೈಯೂ ಅವಳದೇ. ಆದರೆ ಫಲಕದ ಮೇಲೆ ಗಂಡನ ಹೆಸರು, ಬಿಲ್ಲಿನ ಮೇಲೆ ಗಂಡನ ಹೆಸರು. ಅವಳನ್ನೇ ಕೇಳಿದರೆ, ‘ನಮ್ಮ ಯಜಮಾನರಿಗೆ ಕೊಂಚ ಸಹಾಯ ಮಾಡುತ್ತೇನೆ’ ಎಂದು ಸೆರಗಿಗೆ ಕೈಯೊರಸಿಕೊಳ್ಳುವಳು. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಮಸಿಯಾದ ಈ ಕೈಯ ಮೊಸರನ್ನು ಗಿರಾಕಿಯ ಚೌಕಾಸಿಯೇ ತಿಂದುಹಾಕುತ್ತದೆ.

ಸರ್ಕಾರದ ಕಾಗದಗಳಲ್ಲಿಯೂ ಅವಳ ಗತಿ ಇದೇ. ದೇಶದ ದುಡಿಮೆಗಾರರ ಸಮೀಕ್ಷೆಗಳಲ್ಲಿ ‘ಮನೆಯ ಉದ್ಯಮದಲ್ಲಿ ಸಹಾಯಕರು’ ಎಂಬ ವರ್ಗವೊಂದಿದೆ. ದುಡಿಯುವರು, ಆದರೆ ಸಂಬಳವಿಲ್ಲ ಎಂಬುದು ಅದರ ತಾತ್ಪರ್ಯ. 2023ರ ಸೆಪ್ಟೆಂಬರ್ 17ರಂದು ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಆರಂಭವಾದಾಗ ಕೈಕಸುಬಿನವರೆಲ್ಲ ಹರ್ಷಪಟ್ಟರು. ಹದಿನೆಂಟು ಕಸುಬುಗಳ ಆ ಪಟ್ಟಿಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ದರ್ಜಿ ಮೊದಲಾದವರಿದ್ದಾರೆ. ನಮ್ಮ ಸೀಮೆಯ ಭಾಗ್ಯವೆಂಬಂತೆ ತೆಂಗಿನ ನಾರಿನ ಕೆಲಸದವರೂ ಇದ್ದಾರೆ. ಕೈಮುದ್ರಣದವರು ಇಲ್ಲ. ಒಂದು ವೇಳೆ ನಾಳೆ ಸೇರಿಸಿದರೂ ಅದರ ಲಾಭವು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಎಂದು ನಿಯಮವಿದೆ. ಹಾಗಾದರೆ ಒಂದೇ ಮೇಜಿನ ಎರಡು ಕಡೆ ನಿಂತು ದುಡಿಯುವ ದಂಪತಿಗಳಲ್ಲಿ ಕುಶಲಕರ್ಮಿ ಯಾರು? ಯಾರ ಹೆಸರನ್ನು ಬರೆಯಿಸುವರೆಂಬುದನ್ನು ಊಹಿಸುವುದಕ್ಕೆ ಜ್ಯೋತಿಷ್ಯ ಬೇಕಾಗಿಲ್ಲ. ಸಾಲಕ್ಕೂ ತರಬೇತಿಗೂ ಮನೆಯಿಂದ ಒಬ್ಬರು ಸಾಕೆಂದು ನಿಯಮ ಬರೆದವರು ದುರುದ್ದೇಶದಿಂದ ಬರೆದರೆಂದು ನಾನು ಹೇಳುವುದಿಲ್ಲ. ಹಣವು ಹೆಚ್ಚು ಮನೆಗಳಿಗೆ ಹಂಚಿಹೋಗಲೆಂಬ ಉದ್ದೇಶವಿದ್ದೀತು. ಆದರೆ ಮನೆಗೆ ಒಬ್ಬನೇ ದುಡಿಯುವವನೆಂಬ ಭಾವನೆಯು ಅದರ ಬುಡದಲ್ಲಿರುವುದನ್ನು ಅಲ್ಲಗಳೆಯಲಾಗದು.

ಕನ್ನಡಿಗರಿಗೆ ಈ ವಿಚಾರವನ್ನು ಹೊರಗಿನವರು ಕಲಿಸಬೇಕಾದ ಅಗತ್ಯವಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ದಂಪತಿಗಳಲ್ಲಿ ಆಯ್ದಕ್ಕಿ ಮಾರಯ್ಯನು ಹೆಚ್ಚು ಅಕ್ಕಿ ತಂದ ದಿನ ಲಕ್ಕಮ್ಮನು ಅದನ್ನು ಹಿಂದಿರುಗಿಸೆಂದು ಕಳುಹಿದ ಕಥೆಯನ್ನು ಎಲ್ಲರೂ ಬಲ್ಲೆವು. ಕಾಯಕದ ಅಳತೆಯನ್ನು ನಿರ್ಧರಿಸುವ ಹಕ್ಕು ಅವಳಿಗಿತ್ತು. ಅವಳ ವಚನಗಳು ಅವಳವೆಂದೇ ಉಳಿದುವು. ಆ ಕಥೆಯನ್ನು ವೇದಿಕೆಯ ಮೇಲೆ ಗದ್ಗದಕಂಠದಿಂದ ಹೇಳುವ ಮಹಾಶಯರೇ ಆ ಸಮಾರಂಭದ ಆಹ್ವಾನಪತ್ರಿಕೆಯ ಬಿಲ್ಲಿನಲ್ಲಿ ಹೆಂಡತಿಯ ಕೂಲಿಯನ್ನು ಹೊಡೆದುಹಾಕುವರು.

ಹೊರದೇಶದ ಉದಾಹರಣೆಯೇ ಬೇಕೆನ್ನುವವರಿಗೂ ಹೇಳಬಹುದು. ಮಹಾಯುದ್ಧದಿಂದ ಬಡವಾಗಿದ್ದ ಫಿನ್ಲೆಂಡಿನಲ್ಲಿ ವಿಲ್ಯೊ ರಾಟಿಯ ಎಂಬಾತನು 1949ರಲ್ಲಿ ಮೇಣಬಟ್ಟೆಯ ಒಂದು ಸಣ್ಣ ಕಾರ್ಖಾನೆಯನ್ನು ಕೊಂಡನು. ಆತನ ಹೆಂಡತಿ ಆರ್ಮಿಯು ತರುಣ ಚಿತ್ರಕಾರರನ್ನು ಕರೆದು ಹೊಸ ನಕ್ಷೆಗಳನ್ನು ಬರೆಯಿಸಿದಳು. ಹತ್ತಿಯ ಬಟ್ಟೆಗೆ ಸ್ಕ್ರೀನಿನಿಂದ ಕೈಯಾರೆ ಒತ್ತಿದ ಆ ನಕ್ಷೆಗಳಿಂದಲೇ 1951ರಲ್ಲಿ ಮರಿಮೆಕ್ಕೊ ಎಂಬ ಸಂಸ್ಥೆಯು ಹುಟ್ಟಿತು; 1960ರಲ್ಲಿ ಅಮೆರಿಕದ ಜಾಕ್ವೆಲಿನ್ ಕೆನೆಡಿಯವರು ಅದರ ಉಡುಪುಗಳನ್ನು ಕೊಂಡಾಗ ಹೆಸರು ಲೋಕಕ್ಕೆಲ್ಲ ಹರಡಿತು. ಅಲ್ಲಿ ಆರ್ಮಿಯನ್ನು ‘ಸಹಾಯಕಿ’ ಎಂದು ಬರೆದಿದ್ದರೆ ಉಳಿಯುತ್ತಿದ್ದುದು ಮೇಣಬಟ್ಟೆ ಮಾತ್ರ. ನಮ್ಮ ದೇಶದಲ್ಲಿಯೇ ಜಯಪುರದ ಜಾನ್ ಸಿಂಗ್, ಫೇತ್ ಸಿಂಗ್ ದಂಪತಿಗಳು 1970ರಲ್ಲಿ ಮರದ ಅಚ್ಚಿನ ಬಟ್ಟೆಗಾಗಿ ಅನೋಖಿಯನ್ನು ಸ್ಥಾಪಿಸಿದರು. ಆಮೇರಿನಲ್ಲಿ 2005ರಿಂದ ಕೈಮುದ್ರಣಕ್ಕೇ ಮೀಸಲಾದ ವಸ್ತುಸಂಗ್ರಹಾಲಯವೂ ಇದೆ. ನಮ್ಮ ತಾಲ್ಲೂಕಿನ ದಂಪತಿಗಳೆಲ್ಲ ಇಂತಹ ಸಂಸ್ಥೆಗಳನ್ನು ಕಟ್ಟಬೇಕೆಂಬುದು ನನ್ನ ವಾದವಲ್ಲ. ಎರಡು ಹೆಸರುಗಳನ್ನು ಒಂದೇ ಫಲಕದ ಮೇಲೆ ಬರೆದರೆ ವ್ಯಾಪಾರವು ಮುಳುಗುವುದಿಲ್ಲ, ಅಷ್ಟೆ.

ಚಿತ್ರಕ್ಕೆ ಹಣ ಕೊಡಬೇಕೆಂಬುದಂತೂ ನಮ್ಮವರಿಗೆ ಹೊಳೆದೇ ಇಲ್ಲ. ಮೊಬೈಲಿನಲ್ಲಿ ಯಾವನೋ ಮಾಡಿದ ಪತ್ರಿಕೆಯೊಂದನ್ನು ತೋರಿಸಿ, ‘ಇದೇ ತರಹ ಹಾಕಿಕೊಡಿ’ ಎನ್ನುವರು. ಸ್ವಂತವಾಗಿ ಬರೆದ ಮೂರು ನಕ್ಷೆಗಳನ್ನು ಮುಂದಿಟ್ಟರೆ ಮೂರನ್ನೂ ಪಟ ಹಿಡಿದುಕೊಂಡು ಹೋಗಿ ಬೇರೆ ಕಡೆ ಅಗ್ಗದಲ್ಲಿ ಮಾಡಿಸಿಕೊಳ್ಳುವರು. ಕಳ್ಳನು ತೋಟಕ್ಕೆ ನುಗ್ಗಿ ನಾಲ್ಕು ಎಳನೀರು ಕಿತ್ತರೆ ಪಂಚಾಯಿತಿ ಸೇರಿಸುವ ಜನರು ಇವರೇ. ಇದರ ಫಲವಾಗಿ ಶಿವಕಾಶಿಯಿಂದ ಬಂದ ಕಾರ್ಡುಗಳ ಮೇಲಣ ಅದೇ ಗಣಪತಿ, ಅದೇ ನವಿಲು, ಅದೇ ಪಲ್ಲಕ್ಕಿಗಳು ಊರೂರಲ್ಲಿಯೂ ಕಾಣುತ್ತಿವೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಚಾವಣಿಯಲ್ಲಿ ಒಂಬತ್ತನೆಯ ಶತಮಾನದ ನೊಳಂಬ ಶಿಲ್ಪಿಗಳು ದಿಕ್ಪಾಲಕರ ನಡುವೆ ಕುಣಿಸಿದ ಶಿವನಿದ್ದಾನೆ. ತುರುವೇಕೆರೆಯಲ್ಲಿ ಕನ್ನಡಿಯಂತೆ ಹೊಳೆಯುವ ಕರಿಯ ಕಲ್ಲಿನ ನಂದಿಯಿದೆ. ಚಿಕ್ಕನಾಯಕನಹಳ್ಳಿಯ ದೇವಾಂಗ ನೇಕಾರರ ಬಿಳಿ ಮತ್ತು ಬಣ್ಣದ ದಪ್ಪಬಟ್ಟೆಯನ್ನು ಬ್ರಿಟಿಷರ ಕಾಲದ ಗೆಜೆಟಿಯರಿನವರೂ ಬರೆದಿಟ್ಟರು. ಇವೆಲ್ಲ ಬೇಡವೆಂದರೆ ಹಿತ್ತಲಿನಲ್ಲಿಯೇ ಹೊಂಬಾಳೆಯಿದೆ. ಅದಕ್ಕಿಂತ ಮಂಗಳಕರವಾದ ಮದುವೆಯ ಚಿತ್ರವನ್ನು ಯಾವ ದೇಶದವನು ಬರೆದಾನು? ಬರೆಯಬಲ್ಲವರಿದ್ದಾರೆ. ಬರೆದುದಕ್ಕೆ ದುಡ್ಡು ಹುಟ್ಟದೆ ಅವರೂ ನವಿಲಿಗೇ ಶರಣಾಗುತ್ತಾರೆ.

ಅಗ್ಗವಾದ ಯಂತ್ರವಿರುವಾಗ ಕೈಯೇಕೆ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಹೋದರೆ ಪಕ್ಷಪಾತವಾದೀತು. ಐದು ಸಾವಿರ ಕರಪತ್ರ ಬೇಕಾದವನು ಯಂತ್ರಕ್ಕೇ ಹೋಗಲಿ, ಯಾರೂ ಬೇಡವೆನ್ನುವುದಿಲ್ಲ. ನೂರು ಇನ್ನೂರು ಬಟ್ಟೆ ಚೀಲ, ಐನೂರು ಪತ್ರಿಕೆ, ಹತ್ತು ಬಟ್ಟೆಯ ಫಲಕ, ಇಂತಹವುಗಳಲ್ಲಿ ಕೈಯಚ್ಚು ಯಂತ್ರಕ್ಕೆ ಬಹಳ ಹಿಂದೆ ಬೀಳುವುದಿಲ್ಲ. ದಪ್ಪ ಮಸಿಯ ಬಾಳಿಕೆಯಲ್ಲಿ ಎಷ್ಟೋ ಸಲ ಮುಂದೆಯೇ ಇರುವುದು. ಆದರೂ ಜಾತ್ರೆಗೆ, ಹುಟ್ಟುಹಬ್ಬಕ್ಕೆ, ಶ್ರದ್ಧಾಂಜಲಿಗೆ ಸಹ ಫ್ಲೆಕ್ಸಿನ ಹಾಳೆಗಳೇ ಕಂಬಕಂಬಕ್ಕೂ ತೂಗಾಡುವುವು. ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ಕಿನ ಚೀಲಗಳೊಡನೆ ಪ್ಲಾಸ್ಟಿಕ್ಕಿನ ಬ್ಯಾನರು, ಫ್ಲೆಕ್ಸುಗಳನ್ನೂ ನಿಷೇಧಿಸಿತು. ಕಾನೂನು ಬಟ್ಟೆಯ ಪಕ್ಷದಲ್ಲಿದ್ದರೂ ಕಾನೂನು ಮಾಡುವವರ ಮುಖಗಳೇ ಫ್ಲೆಕ್ಸಿನ ಮೇಲೆ ನಗುತ್ತಿರುವುವು. ಧ್ವಜದ ಕಥೆಯೂ ಇದೇ ಆಯಿತು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಯಂತ್ರದಲ್ಲಿ ಮಾಡಿದ, ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ದೊರೆಯಿತು. ಮರುವರ್ಷ ಮನೆಮನೆಯಲ್ಲಿ ಧ್ವಜವೇರಿಸುವ ಅಭಿಯಾನ ನಡೆಯಿತು. ಧ್ವಜವು ಎಲ್ಲರ ಮನೆಗೆ ಬಂದುದು ಸಂತೋಷವೇ. ಅದನ್ನು ಒತ್ತುತ್ತಿದ್ದ ಬೆಂಗೇರಿಯ ಹೆಂಗಸರ ಅನ್ನವು ಆ ಸಂತೋಷದ ಲೆಕ್ಕದಲ್ಲಿ ಎಲ್ಲಿ ಬಂತು ಎಂದು ಕೇಳುವುದು ತಪ್ಪಾಗಲಾರದು.

ಇಷ್ಟು ಹೇಳಿದ ಮೇಲೆ ಕಸುಬಿನವರಿಗೂ ಎರಡು ಮಾತು ಹೇಳದೆ ನಿರ್ವಾಹವಿಲ್ಲ. ಹೆಗ್ಗೋಡಿನ ಪ್ರಸನ್ನ ಅವರು 2017ರಲ್ಲಿ ಕೈ ಉತ್ಪನ್ನಗಳ ಮೇಲಿನ ತೆರಿಗೆಯು ಸೊನ್ನೆಯಾಗಬೇಕೆಂದು ಉಪವಾಸ ಕುಳಿತಾಗ ಕೈಯಿಂದಾದುದು ಯಾವುದು ಎಂಬ ಪ್ರಶ್ನೆ ಮುಂದೆ ಬಂದಿತು. ಅದಕ್ಕೆ ಕೈಯವರು ಪ್ರಾಮಾಣಿಕವಾಗಿ ಉತ್ತರ ಕೊಡಬೇಕು. ಯಂತ್ರದಿಂದ ತೆಗೆದ ಹಾಳೆಗೆ ಮೇಲೊಂದು ಚಿನ್ನದ ಗೆರೆಯನ್ನು ಮಾತ್ರ ಎಳೆದು ‘ಹ್ಯಾಂಡ್‌ಮೇಡ್’ ಎಂದು ಎರಡರಷ್ಟು ಬೆಲೆ ಕೇಳುವವರು ಉಳಿದವರ ಕೂಲಿಗೆ ಕಲ್ಲು ಹಾಕುತ್ತಿದ್ದಾರೆ. ಜಾಲರಿ ತೊಳೆದ ರಾಸಾಯನಿಕದ ನೀರನ್ನು ಬೀದಿಯ ಚರಂಡಿಗೆ ಬಿಡುವುದೂ ಸಲ್ಲದು. ಕೈಗೆಲಸವಾದ ಮಾತ್ರಕ್ಕೆ ವಿಷವು ಪವಿತ್ರವಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಕೂಲಿಯನ್ನು ತಾವೇ ಬರೆಯದವರ ಕೂಲಿಯನ್ನು ಗಿರಾಕಿಯು ಬರೆದಾನೆಂದು ನಿರೀಕ್ಷಿಸುವುದು ಹುಚ್ಚು. ಬಿಲ್ಲಿನಲ್ಲಿ ‘ಪತ್ರಿಕೆ 500’ ಎಂದು ಒಂದೇ ಸಾಲು ಗೀಚಿಕೊಟ್ಟರೆ ಕಾಣುವುದು ಕಾಗದವೇ. ಕಾಗದಕ್ಕಿಷ್ಟು, ಮಸಿಗಿಷ್ಟು, ಚಿತ್ರಕ್ಕಿಷ್ಟು, ಇಬ್ಬರ ಎರಡು ದಿನದ ಕೂಲಿ ಇಷ್ಟು ಎಂದು ಬಿಡಿಸಿ ಬರೆಯಲಿ. ಗಿರಾಕಿಯು ಆಗಲೂ ಚೌಕಾಸಿ ಮಾಡುವನು. ಆದರೆ ಯಾವ ಸಾಲನ್ನು ಹೊಡೆಯುತ್ತಿದ್ದೇನೆಂಬುದನ್ನು ಕಣ್ಣಾರೆ ನೋಡಿಕೊಂಡು ಹೊಡೆಯಬೇಕಾಗುವುದು.

ಗಿರಾಕಿಗಳಿಗೆ ಬುದ್ಧಿ ಹೇಳುತ್ತ ಸಂಘದವರು ಹೊರಗೆ ನಿಲ್ಲುವುದು ಚೆನ್ನಾಗಿ ಕಾಣದು. ನಮ್ಮ ಜಿಲ್ಲೆಯಲ್ಲಿ ಸಾಹಿತ್ಯಸಮಾರಂಭಗಳಿಗೆ ಕಡಮೆಯಿಲ್ಲ. ಕನ್ನಡದ ಏಳಿಗೆಯ ವಿಷಯದಲ್ಲಿ ಭಾಷಣಗಳಾಗುವ ವೇದಿಕೆಯ ಹಿಂದೆ ಫ್ಲೆಕ್ಸಿನ ಹಾಳೆ, ಅತಿಥಿಗಳಿಗೆ ಕೊಡುವ ಪ್ಲಾಸ್ಟಿಕ್ಕಿನ ಚೀಲ, ತಪ್ಪು ಒತ್ತಕ್ಷರಗಳ ಆಹ್ವಾನಪತ್ರಿಕೆ, ಇವು ಭಾಷಣವನ್ನು ಸುಳ್ಳು ಮಾಡುತ್ತಿವೆ. ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರಂತಹ ವಿದ್ವಾಂಸರು ಹುಟ್ಟಿದ ತಾಲ್ಲೂಕಿನಲ್ಲಿ ಅಕ್ಷರದ ಅಂದಕ್ಕೆ ಇಷ್ಟು ಅನಾದರವಿರಬಾರದಿತ್ತು. ಆದುದರಿಂದ ಈ ಸಲದ ವಾರ್ಷಿಕೋತ್ಸವದ ಆಹ್ವಾನಪತ್ರಿಕೆ, ವೇದಿಕೆಯ ಬಟ್ಟೆಯ ಫಲಕ, ಪ್ರತಿನಿಧಿಗಳ ಚೀಲ ಇವು ಮೂರನ್ನೂ ದಂಪತಿಗಳು ನಡೆಸುವ ಯಾವುದಾದರೊಂದು ಕೈಮುದ್ರಣದ ಮಳಿಗೆಯಲ್ಲಿ ಮಾಡಿಸಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲ್ಲಿ ವಿನಂತಿಸುತ್ತೇನೆ. ಚೌಕಾಸಿ ಕೂಡದು. ಚಿತ್ರಕ್ಕೆ ಬೇರೆ ಹಣ ಕೊಡತಕ್ಕದ್ದು. ಪತ್ರಿಕೆಯ ಅಡಿಯಲ್ಲಿ ಮುದ್ರಿಸಿದವರೆಂದು ಇಬ್ಬರ ಹೆಸರೂ ಇರತಕ್ಕದ್ದು. ಖರ್ಚಿನ ಲೆಕ್ಕವನ್ನು ಸಾಲುಸಾಲಾಗಿ ಈ ಮಾಸಪತ್ರಿಕೆಯಲ್ಲಿಯೇ ಪ್ರಕಟಿಸಿದರೆ, ಮುಂದೆ ಮಕ್ಕಳ ಮದುವೆ ಮಾಡುವವರಿಗೆ ನ್ಯಾಯವಾದ ಧಾರಣೆ ಯಾವುದೆಂಬುದೂ ತಿಳಿಯುವುದು. ಸಮಿತಿಯವರು ಒಪ್ಪುವುದಾದರೆ ಆರು ವಾರ ಮುಂಚೆಯೇ ಹೇಳಿಕಳುಹಿಸಬೇಕು. ಮಳೆಗಾಲ ಹಿಡಿದರೆ ಎರಡು ಬಣ್ಣದ ಮಸಿ ಒಣಗುವುದಕ್ಕೆ ಹೊತ್ತು ಬೇಕು.